ತೊಟ್ಟಿಲ ನಳಿಗೆ

ಹನಿ ಇನ್ನೂ ಬಿದ್ದಿಲ್ಲ, ಚಹಾ ಕಾಯುವ ಸಮೋವರಿನ ನಲ್ಲಿಯ ತುದಿಯಲ್ಲಿ ತುಂಬಿಕೊಳ್ಳುತ್ತಾ ಇದೆ, ಕಿಟಕಿಯ ಬೆಳಕನ್ನೆಲ್ಲ ಹೊಟ್ಟೆಯೊಳಗೆ ಎಳೆದುಕೊಂಡು ದಪ್ಪಗಾಗುತ್ತಾ ಇದೆ, ಈಗ ಬಿತ್ತು, ಇಲ್ಲ, ತಡೆದುಕೊಂಡಿತು, ಭೇಷ್, ತಡೆದುಕೋ ತಾಯಿ, ನಾನೂ ತಡೆದುಕೊಂಡಿದ್ದೇನೆ, ಎಂದುಕೊಂಡಳು ಜೂರಕಾನ್ ಅಜ್ಜಿ, ಮಂಡಿಗೆ ಮಂಡಿ ಒತ್ತಿ, ಒಂದು ಕೈಯನ್ನು ತೊಡೆಯ ಮೇಲೆ ಭಾರವಾಗಿ ಇಟ್ಟುಕೊಂಡು, ನೋಡಿದವರಿಗೆ ಮರಿಮಗನ ತೊಟ್ಟಿಲ ಶಾಸ್ತ್ರದ ದಿನ ಧ್ಯಾನಕ್ಕೆ ಕೂತ ಹಿರಿಯಳ ಹಾಗೆ — ಧ್ಯಾನವೇ ಹೌದು, ಇಷ್ಟು ಏಕಚಿತ್ತದಿಂದ ಅವಳು ಈಚೆಗೆ ಯಾವ ನಮಾಜನ್ನೂ ಮಾಡಿಲ್ಲ, ದೇವರು ಕ್ಷಮಿಸಬೇಕು. ಅಜ್ಜೀನ ಮೇಲ್ಗಡೆ ಕೂರಿಸಿ, ಮೇಲ್ಗಡೆ, ಅಂತ ಎಲ್ಲರೂ ಸೇರಿ ಅವಳನ್ನು ಬಾಗಿಲಿಗೆ ಎದುರಿನ ಗೋಡೆಯ ಹತ್ತಿರ, ಗೌರವದ ಜಾಗದಲ್ಲಿ ಕೂರಿಸಿದ್ದಾರೆ, ಗೌರವದ ಜಾಗ ಎಂದರೆ ಬಾಗಿಲಿನಿಂದ ಎಲ್ಲಕ್ಕಿಂತ ದೂರದ ಜಾಗ, ಬಾಗಿಲಿನಾಚೆ ಅಂಗಳ, ಅಂಗಳದಾಚೆ ಕುರಿದೊಡ್ಡಿ, ದೊಡ್ಡಿಯ ಹಿಂದೆ ಪಾಯಿಖಾನೆ, ವಯಸ್ಸಾದಷ್ಟೂ ಗೌರವ ಜಾಸ್ತಿ, ಗೌರವ ಜಾಸ್ತಿಯಾದಷ್ಟೂ ಪಾಯಿಖಾನೆ ದೂರ, ಈ ಪದ್ಧತಿ ಮಾಡಿದವರು ಯಾರೋ ಪ್ರಾಯದ ಗಂಡಸರೇ ಇರಬೇಕು. ಕೂತಿರುವುದಾದರೂ ಎಂಥದ್ದರ ಮೇಲೆ — ಬೀಗಿತ್ತಿ ತುರ್ಸುನಾಯ್ ಮಗಳ ಚೊಚ್ಚಲಿಗೆಂದು ಚಳಿಗಾಲವೆಲ್ಲ ಕೂತು ಹೊಲಿದು ತಂದ ಹೊಸ ಉಣ್ಣೆಹಾಸು, ಕುರಿಮರಿಯ ಹೊಟ್ಟೆಯಂಥ ಬಿಳಿ, ನಡುನಡುವೆ ಟಗರಿನ ಕೊಂಬಿನ ಕೆಂಪು ಸುರುಳಿ, ಆ ಕೆಂಪಿನ ಮೇಲಾದರೂ ಕೂತಿದ್ದರೆ ಆಗುತ್ತಿತ್ತು, ಕೆಂಪು ಒಂದಿಷ್ಟನ್ನು ನುಂಗಿಕೊಳ್ಳುತ್ತದೆ, ಇಲ್ಲ, ಸರಿಯಾಗಿ ಬಿಳಿಯ ಮಧ್ಯೆ ಕೂರಿಸಿದ್ದಾರೆ, ಮೊದಲ ಹಿಮದ ಮೇಲೆ ಕಾಗೆ ಕೂತ ಹಾಗೆ. ಇನ್ನೊಂದು ಬಟ್ಟಲು ಚಹಾ ಅಜ್ಜಿ? ಎಂದಳು ಯಾರೋ. ಬೇಡವ್ವಾ. ಅಯ್ಯೋ, ಒಂದೇ ಒಂದು. ಬೇಡ ಅಂದ್ನಲ್ಲ. ಹಾಲು ಹಾಕಿದೀನಿ. ಕೊಟ್ಟರು. ಕುಡಿಯದಿದ್ದರೆ ಬೀಗರಿಗೆ ಅವಮಾನ, ಕುಡಿದರೆ — ಹನಿ ಬಿತ್ತು, ತಟ್ಟೆಯ ಮೇಲೆ ಟಪ್ ಅಂತ, ಅವಳು ಮಂಡಿಗಳನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು.

ಈ ಚಳಿಗಾಲದಲ್ಲಿ ಶುರುವಾದದ್ದು, ಬೆಳಗಿನ ನಮಾಜಿಗೆಂದು ಏಳುವಾಗ ಕಾಲಿನುದ್ದಕ್ಕೂ ಬೆಚ್ಚಗೆ, ಒಲೆಯ ಹತ್ತಿರ ಅವಳ ಹಾಸಿಗೆಯ ಪಕ್ಕದಲ್ಲೇ ಹೊತ್ತಿಗೆ ಮುಂಚೆ ಹುಟ್ಟಿದ ಕುರಿಮರಿ ಮಲಗಿತ್ತು, ಮರಿಯೇ ಮಾಡಿದ್ದು ಅಂದುಕೊಂಡಳು, ನಿಜವಾಗಿಯೂ ಹಾಗೇ ಅಂದುಕೊಂಡಳು, ದೇವರಾಣೆ, ಮಾರನೆಯ ಬೆಳಗ್ಗೆ ಮಾತ್ರ ಹಾಗೆ ಅಂದುಕೊಳ್ಳಬೇಕು ಎಂದು ಅಂದುಕೊಂಡಳು, ಆಮೇಲೆ ಬಾಯಿಬಿಟ್ಟೇ ಹೇಳಿದಳು, ಈ ಮರಿ ನನ್ನ ಹಾಸಿಗೇನೇ ಹುಡುಕ್ಕೊಂಡು ಬರುತ್ತಲ್ಲೇ. ಸೊಸೆ ಅನಾರ್ಕಾನ್ ಮಾತು ಕಡಿಮೆ, ಕೆಲಸ ಜಾಸ್ತಿ, ಮರಿಯ ಕಿವಿ ಹಿಡಿದು ದೊಡ್ಡಿಗೆ ಹಾಕಿಬಂದಳು, ಮರಿ ಹೋಯಿತು, ಒದ್ದೆ ಹೋಗಲಿಲ್ಲ. ಆ ಚಳಿಯಲ್ಲಿ ದೊಡ್ಡಿಯೊಳಗಿಂದ ಮರಿ ಕೆಮ್ಮುವುದು ಕೇಳಿ ಜೂರಕಾನ್ ತನ್ನ ಹಳೆಯ ಶಾಲನ್ನು ಒಯ್ದು ಅದಕ್ಕೆ ಸುತ್ತಿ ಬಂದಳು, ಯಾರಿಗೆ ಏನೆಂದು ಹೇಳುವುದು, ಕೌದಿಯನ್ನು ತಾನೇ ನೆನೆಸಿ ತಾನೇ ತಿಕ್ಕಿ, ಕಲೆ ಗೋಡೆಯ ಕಡೆಗೆ ಬರುವಂತೆ ದೊಡ್ಡಿಯ ಹಿಂದೆ ಒಣಹಾಕುವುದು, ಮಧ್ಯಾಹ್ನ ಹೋಗಿ ನೋಡಿದರೆ ಕಲೆಯ ಮಗ್ಗುಲು ಬಿಸಿಲಿಗೆ ತಿರುಗಿರುತ್ತದೆ, ಗಾಳಿ ಎಂದುಕೊಳ್ಳುತ್ತಾಳೆ, ನಾರಿನ್ ನದಿಯ ಕಡೆಯಿಂದ ಬರುವ ಗಾಳಿಗೆ ಹೇಳುವವರು ಕೇಳುವವರು ಇಲ್ಲ — ಆದರೂ ಅಷ್ಟು ಭಾರದ ಉಣ್ಣೆ ಕೌದಿಯನ್ನು ಗಾಳಿ ತಿರುಗಿಸುತ್ತದೆಯೇ, ಅದೂ ನಾಲ್ಕೂ ಮೂಲೆ ಸಮನಾಗಿ ಎಳೆದು? ಯೋಚಿಸಲಿಲ್ಲ ಅವಳು, ಯೋಚಿಸಬೇಕಾದದ್ದು ಬೇರೆ ಇತ್ತು. ವುಜೂ ಮಾಡಿ ಕೈಕಾಲು ಮುಖ ತೊಳೆದು ಎದ್ದು ನಿಲ್ಲುವಷ್ಟರಲ್ಲಿ ಮತ್ತೆ ಒಂದು ಹನಿ, ಮತ್ತೆ ತೊಳೆ, ಮತ್ತೆ ನಿಲ್ಲು, ಬಾಗಿದರೆ ಒಂದು ಹನಿ, ಒದ್ದೆ ಬಟ್ಟೆಯಲ್ಲಿ ಆ ದೇವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು, ಚಿಕ್ಕಂದಿನಿಂದ ಬಿಡದೆ ನಿಂತವಳು ಈಗ ಮಂಡಿನೋವು ಎಂದು ಸುಳ್ಳು ಹೇಳಿ ಕಿಟಕಿಯ ಬಳಿ ಕೂತು ತುಟಿ ಮಾತ್ರ ಅಲ್ಲಾಡಿಸುತ್ತಾಳೆ, ಕರೆಯದ ಮನೆಯ ಬಾಗಿಲಲ್ಲಿ ನಿಂತವರ ಹಾಗೆ. ಅಂಥ ಕೈಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವುದೇ? ಮೊದಲ ಸಲ ತೊಟ್ಟಿಲಿಗೆ ಹಾಕುವ ಕೈ ಶುದ್ಧವಾಗಿರಬೇಕು, ನನ್ನ ಕೈಯಲ್ಲ ಇದು ಉಮಾಯ್ ತಾಯಿಯ ಕೈ ಎಂದು ಹೇಳಿ ಕಟ್ಟಬೇಕು, ಮಕ್ಕಳ ಕಾವಲಿನ ಆ ತಾಯಿಯ ಹೆಸರನ್ನು ಎತ್ತಿಕೊಂಡು ನಾನು, ಹೀಗೆ ಸೋರುವ ನಾನು — ಅದಕ್ಕೇ ನೆನ್ನೆ ಹೇಳಿದಳು, ಪಕ್ಕದ್ಮನೆ ಕಾಲಿಚಾನೇ ಕಟ್ಲಿ ಬಿಡ್ರೇ, ನನ್ನ ಕೈ ನಡುಗುತ್ತೆ. ಅನಾರ್ಕಾನ್ ಹಿಟ್ಟು ನಾದುತ್ತಿದ್ದವಳು ನಿಲ್ಲಿಸಿದಳು, ಕಾಲಿಚಾ ಅಜ್ಜೀನಾ, ಮನೇಲಿ ನೀವಿರುವಾಗ? ಅಂದ್ರೆ ಅತ್ತೆ, ಈ ಹುಡುಗಿ ಇನ್ನೂ ನಿಮ್ಮ ಮನಸ್ಸಿಗೆ ಬಂದಿಲ್ಲ ಅಂತಾಯ್ತು, ನಾಳೆ ಬೀಗರು ಕೇಳಿದ್ರೆ ಏನ್ ಹೇಳ್ಲಿ? ಆ ಹುಡುಗಿ, ಮೊಮ್ಮಗನ ಹೆಂಡತಿ ಜಿಪಾರ್, ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿತ್ತು, ತಿರುಗಲಿಲ್ಲ, ಬೆನ್ನೇ ಕೇಳಿಸಿಕೊಂಡಿತು, ಬಂದು ವರ್ಷವಾದರೂ ತಲೆಯೆತ್ತಿ ಮಾತಾಡದ ಹುಡುಗಿ, ಆ ಬೆನ್ನು ಸಣ್ಣಗಾದದ್ದನ್ನು ಜೂರಕಾನ್ ನೋಡಿದಳು, ಅಯ್ಯೋ ಮಗಳೇ ನೀನಲ್ಲ, ನೀನಲ್ಲ ಕಾರಣ, ಎಂದು ಒಳಗೇ ಅಂದು, ಆಯ್ತು ನಾನೇ ಕಟ್ತೀನಿ ಎಂದು ಹೊರಗೆ ಅಂದಳು.

ಸೊಸೆ ಬಂದ ಮನೆಯಲ್ಲಿ ತಲೆಯೆತ್ತುವುದು ಸುಲಭವೇ, ತಾನು ಬಂದಾಗಲೂ ಇದೇ ಮನೆ, ಆಗ ಮಣ್ಣಿನ ಮಾಡು, ಹೊರಗೆ ಹಿಮ ಬೀಳುತ್ತಾ ಇತ್ತು, ಹಿರಿಯರಿಗೆಲ್ಲ ಮಂಡಿಯ ಮೇಲೆ ಕೈಯೂರಿ ಬಾಗಿ ಬಾಗಿ ವಂದಿಸಬೇಕು, ನಾದಿನಿಯರು ಕುಡೀ ಅತ್ತಿಗೆ ಕುಡೀ, ಶಕ್ತಿ ಬರುತ್ತೆ ಅಂತ ಹುಳಿ ಬಂದ ಕುದುರೆಹಾಲನ್ನು ಬಟ್ಟಲು ಬಟ್ಟಲು ಕುಡಿಸಿದ್ದರು, ಅದು ಹೊಟ್ಟೆಯೊಳಗೆ ಕುದುರೆಯ ಹಾಗೇ ಓಡಾಡುತ್ತಿತ್ತು, ಮಾವನವರು ಎದುರಿಗೆ, ಬಿಳಿ ಗಡ್ಡ, ಎತ್ತರದ ಟೋಪಿ, ಊರೇ ಹೆದರುವ ಮನುಷ್ಯ, ಬಾಗಿದಳು, ಇನ್ನೂ ಬಾಗಿದಳು, ಆಗ — ಕ್ಯಾನ್ವಾಸ್ ಹರಿದ ಹಾಗೆ, ಅಷ್ಟುದ್ದ, ಅಷ್ಟು ಸ್ಪಷ್ಟ. ಮನೆ ಸ್ತಬ್ಧ. ಬಾಗಿದವಳು ಏಳಲಿಲ್ಲ, ಹಾಗೇ ಭೂಮಿಯೊಳಗೆ ಇಳಿದುಬಿಡಬೇಕು ಎಂದು ಕಾಯುತ್ತಾ ಇದ್ದಳು, ಭೂಮಿ ಬಾಯಿ ಬಿಡಲಿಲ್ಲ, ಮಾವನವರೇ ಬಿಟ್ಟರು — ಥೂ ಸಾರಾಲಾ, ನಡಿಯೋ ಆಚೆ, ಮಾನ ಮರ್ಯಾದೆ ಇಲ್ವಾ ನಿಂಗೆ, ಮನೆಗೆ ಸೊಸೆ ಬಂದಿದ್ದಾಳೆ ಅನ್ನೋ ಜ್ಞಾನ ಬೇಡ್ವಾ! ಒಲೆಯ ಪಕ್ಕ ಮಲಗಿದ್ದ ಹಳದಿ ನಾಯಿ ಸಾರಾಲಾ ಒಂದು ಕಣ್ಣು ತೆರೆಯಿತು, ನಾನಾ, ಎಂದ ಹಾಗೆ ಸುತ್ತ ನೋಡಿತು, ಎದ್ದು, ಮೈ ಮುರಿದು, ಬಾಲ ಇಳಿಬಿಟ್ಟುಕೊಂಡು ಹೊರಟುಹೋಯಿತು, ಹೊಸ್ತಿಲಾಚೆ ಹಿಮದಲ್ಲಿ ಕೂತು ಒಳಗೆ ನೋಡುತ್ತಾ ಇತ್ತು, ಅದರ ಬೆನ್ನಿನ ಮೇಲೆ ಹಿಮ, ಮೂಗಿನ ಮೇಲೆ ಹಿಮ, ಆ ಎರಡು ಕಣ್ಣು, ದೂರು ಇಲ್ಲ, ಪ್ರಶ್ನೆ ಮಾತ್ರ. ಬದುಕಿರು ಮಗಳೇ, ಎಂದು ಮಾವನವರು ತಲೆಯ ಮೇಲೆ ಕೈಯಿಟ್ಟರು. ಅಂದಿನಿಂದ ಆ ನಾಯಿಗೆ ಅವಳು ಕದ್ದು ಹಾಕಿದ ಮೂಳೆಗಳೆಷ್ಟು, ಕುರಿಬಾಲದ ಕೊಬ್ಬೆಷ್ಟು, ಅದು ಉರುಳಿಹೋಗುವ ಹಾಗೆ ದಪ್ಪಗಾಯಿತು, ತೋಳ ಬಂದರೆ ಕೂತಲ್ಲಿಂದಲೇ ಬೊಗಳುತ್ತಿತ್ತು, ಮಾವನವರು ಮೀಸೆ ತಿರುವುತ್ತಾ, ಈ ನಾಯಿ ಅದೇನು ತಿನ್ನುತ್ತೋ, ಊರ ಸಾಹುಕಾರನ ಹಾಗಾಗಿದೆ ಎನ್ನುತ್ತಿದ್ದರು, ಅವಳ ಕಡೆ ನೋಡದೆ. ಗೊತ್ತಿತ್ತೇ ಅವರಿಗೆ? ಕೇಳುವ ಹಾಗಿಲ್ಲ, ಮಾವನವರ ಹೆಸರನ್ನೇ ಬಾಯಲ್ಲಿ ತರುವ ಹಾಗಿಲ್ಲ, ಇನ್ನು ಇದನ್ನೇನು ಕೇಳುವುದು — ಅವರ ಕೊನೆಯ ಚಳಿಗಾಲದಲ್ಲಿ ತಿಳಿಯಿತು, ಆಗ ಸಾರಾಲಾ ಸತ್ತು ಎಷ್ಟೋ ಕಾಲವಾಗಿತ್ತು, ಹಾಸಿಗೆ ಹಿಡಿದಿದ್ದರು, ಒಂದು ಬೆಳಗ್ಗೆ ಹಾಸಿಗೆಯೆಲ್ಲ ಒದ್ದೆ, ಬಟ್ಟೆ ಬಿಚ್ಚಲು ಹೋದರೆ ಗಟ್ಟಿಯಾಗಿ ಹಿಡಿದುಕೊಂಡು ಗೋಡೆಗೆ ಮುಖ ತಿರುಗಿಸಿದರು, ಬಿಳಿ ಗಡ್ಡ ನಡುಗುತ್ತಿತ್ತು, ಬೇಡ ಮಗಳೇ, ನನ್ನ ಕೊಂದ್ಬಿಡು, ಇದನ್ನ ನೋಡ್ಬೇಡ. ಅವಳ ಬಾಯಿಂದ ತಾನಾಗೇ ಬಂತು, ನೀವಲ್ಲ ಮಾವ, ಸಾರಾಲಾ ಮಾಡಿದ್ದು. ಗೋಡೆಯ ಕಡೆಯಿಂದ ಗುರುಗುರು ಅಂತ ಶಬ್ದ, ಅಳು ಎಂದುಕೊಂಡಳು, ಅಳುವಲ್ಲ, ನಗುತ್ತಿದ್ದರು, ಹಲ್ಲಿಲ್ಲದ ಬಾಯಿ ಬಿಟ್ಟುಕೊಂಡು, ಥೂ ಆ ನಾಯಿ, ಎಂದರು, ಆಚೆ ಕಳಿಸು ಅದನ್ನ, ಎಂದರು, ಕಣ್ಣೀರು ಒರೆಸಿಕೊಂಡರು, ಬಟ್ಟೆ ಬಿಟ್ಟುಕೊಟ್ಟರು.

ತೊಟ್ಟಿಲು ಬಂತು, ತೊಟ್ಟಿಲು, ದಾರಿ ಬಿಡಿ, ಎಂದು ಗದ್ದಲ, ತುರ್ಸುನಾಯ್ ಒಳಗೆ ಬಂದರೆ ಒಂದು ಮದುವೆ ದಿಬ್ಬಣವೇ ಬಂದ ಹಾಗೆ, ದೊಡ್ಡ ಮೈ, ದೊಡ್ಡ ದನಿ, ಬೆನ್ನ ಮೇಲೆ ಬಣ್ಣದ ಮರದ ತೊಟ್ಟಿಲು ಹೊತ್ತುಕೊಂಡು, ಜೂರಕಾನಳ ಕಡೆ ತಿರುಗಿ, ಬೀಗಿತ್ತೀ, ನೀವು ಇಲ್ಲೇ ಇದ್ದೀರಾ, ನಿಮ್ಮನ್ನ ನೋಡಿದ್ರೆ ನನಗೆ ಹುಡುಗಿ ಆದಂಗಾಗುತ್ತೆ ನೋಡಿ. ಅರ್ಚಾ ಗಿಡದ ಎಲೆ ಸುಟ್ಟ ಹೊಗೆಯನ್ನು ತೊಟ್ಟಿಲ ಸುತ್ತ ಸುಳಿಸಿದರು, ಆ ಹೊಗೆ ಮೂಗಿಗೆ ಹೋಗಿ ಸೀನು ಬಂದರೆ ಕೆಟ್ಟೆ, ಜೂರಕಾನ್ ಮೂಗು ಹಿಡಿದುಕೊಂಡಳು, ಸೀನು ಹೋಯಿತು, ದೇವರು ದೊಡ್ಡವನು. ಹಾಸಿಗೆ ಹಾಸಿದರು, ಹಾಸಿಗೆಯ ನಡುವಿನ ತೂತು, ತೂತಿನ ಕೆಳಗೆ ಸಣ್ಣ ಮಣ್ಣಿನ ಕುಡಿಕೆ, ಇನ್ನು ನಳಿಗೆ ಬೇಕು, ಮಗುವಿನ ಕಾಲಸಂದಿಯಲ್ಲಿ ಇಟ್ಟು ಕಟ್ಟುವ ಮರದ ನಳಿಗೆ, ಅದಿದ್ದರೆ ಮಗು ರಾತ್ರಿಯೆಲ್ಲ ಒಣಗಿದ ಹಾಸಿಗೆಯಲ್ಲಿ ಮಲಗುತ್ತದೆ, ಎಲ್ಲ ನೇರ ಕುಡಿಕೆಗೆ — ಎಂಥ ಬುದ್ಧಿವಂತರು ನಮ್ಮ ಹಿರಿಯರು, ಎಂದುಕೊಂಡಳು ಜೂರಕಾನ್, ಹುಟ್ಟಿದವರಿಗೆ ಯೋಚನೆ ಮಾಡಿದರು, ಮುದುಕಿಯರಿಗೂ ಒಂದು ನಳಿಗೆ ಯೋಚನೆ ಮಾಡಿದ್ದರೆ ಏನು ಹೋಗುತ್ತಿತ್ತು, ತಾನೂ ಒಂದು ದೊಡ್ಡ ತೊಟ್ಟಿಲಲ್ಲಿ, ಕೈಕಾಲು ಕಟ್ಟಿಸಿಕೊಂಡು, ತಲೆಗೆ ಟೋಪಿ ಹಾಕಿಕೊಂಡು — ತಡಿ, ನಗಬೇಡ, ನಗುವ ಹೊತ್ತಲ್ಲ. ತುರ್ಸುನಾಯ್ ರೇಷ್ಮೆ ಕೈವಸ್ತ್ರದ ಗಂಟು ಬಿಚ್ಚಿದಳು, ಗಂಭೀರವಾಗಿ, ದೇವರ ವಸ್ತು ಎತ್ತುವ ಹಾಗೆ ನಳಿಗೆಯನ್ನು ಎತ್ತಿ ಹಿಡಿದಳು. ಅನಾರ್ಕಾನ್ ಬಗ್ಗಿ ನೋಡಿದಳು. ಬೀಗಿತ್ತೀ, ಎಂದಳು ಮೆಲ್ಲಗೆ, ಇದು ಹೆಣ್ಮಕ್ಕಳದ್ದಲ್ವಾ? ಹೌದಲ್ಲ, ಬಾಯಿ ಚಮಚದ ಹಾಗೆ ಅಗಲ, ಗಂಡುಮಗುವಿನದು ಕೊಳವೆಯ ಹಾಗೆ ದುಂಡಗಿರಬೇಕು. ತುರ್ಸುನಾಯ್ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದಳು, ಮಗುವನ್ನು ನೋಡಿದಳು, ಮತ್ತೆ ನಳಿಗೆಯನ್ನು ನೋಡಿದಳು, ಅಯ್ಯೋ ನನ್ನ ತಲೆಗಿಷ್ಟು, ನಾನು ಹೆತ್ತಿದ್ದೆಲ್ಲ ಹೆಣ್ಣು ಕಣ್ರೇ, ನನ್ನ ಮನೇಲಿ ನಳಿಗೆ ಅಂದ್ರೆ ಇದೇನೇ, ಇನ್ನೊಂದು ಥರ ಇರುತ್ತೆ ಅನ್ನೋದೇ ನನ್ನ ನೆನಪಲ್ಲಿ ಇಲ್ಲ, ಈಗೇನ್ಮಾಡೋಣ, ಇವನನ್ನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅನ್ನೋಣ್ವಾ? ಮನೆ ಬಿದ್ದುಹೋಗುವ ಹಾಗೆ ನಗು, ಹೆಂಗಸರು ಒಬ್ಬರ ಮೇಲೊಬ್ಬರು, ಚಹಾ ಚೆಲ್ಲಿತು, ಕಿವುಡಿ ಕಾಲಿಚಾ ಏನಂತೆ ಏನಂತೆ ಎನ್ನುತ್ತಾ ಏನೂ ತಿಳಿಯದೆ ಎಲ್ಲರಿಗಿಂತ ಜಾಸ್ತಿ ನಕ್ಕಳು, ಜೂರಕಾನ್ ತಡೆದಳು, ತುಟಿ ಕಚ್ಚಿದಳು, ಸಮೋವರಿನ ಹನಿಯನ್ನು ಹುಡುಕಿದಳು, ಅಡ್ಜಸ್ಟ್ ಮಾಡ್ಕೋ ಅನ್ನೋಣ್ವಾ ಎಂಬ ಮಾತು ಹೊಟ್ಟೆಯೊಳಗೆ ಹೋಗಿ ಕಚಗುಳಿಯಿಟ್ಟಿತು, ಬಾಯಿ ತೆರೆಯಿತು, ಹೋ ಎಂದು ನಕ್ಕಳು, ಎಷ್ಟು ದಿನವಾಗಿತ್ತು ಹಾಗೆ ನಕ್ಕು — ಮತ್ತೆ ಬೆಚ್ಚಗೆ, ಒಂದು ಹನಿಯಲ್ಲ, ಎರಡಲ್ಲ, ಬೇಸಿಗೆಗೆ ಹಿಮ ಕರಗಿ ಇಳಿಯುವ ತೊರೆಯ ಹಾಗೆ, ತಡೆಯುವುದು ಎಂಬುದೇ ಇಲ್ಲದ ಹಾಗೆ, ಕೆಳಗೆ ಬಿಳಿ ಉಣ್ಣೆ ಮೆಲ್ಲಗೆ ಬಣ್ಣ ಬದಲಾಯಿಸುತ್ತಾ ಇದೆ, ಅವಳ ಲಂಗದ ಅಂಚಿನಿಂದ ಆಚೆ, ಒಂದು ಬೆರಳು, ಇನ್ನೊಂದು ಬೆರಳು, ಕೆಂಪು ಕೊಂಬಿನ ಸುರುಳಿಯ ಕಡೆಗೆ, ಯಾ ಅಲ್ಲಾ, ನನ್ನನ್ನು ಈಗಲೇ ಕರಕೋ.

ಆಗ ತೊಡೆಯ ಮೇಲೆ ಭಾರ ಬಂತು, ಮಗು, ಸೊಂಟದ ಕೆಳಗೆ ಬರಿಮೈ, ಜಿಪಾರ್ ಅದನ್ನು ತಂದು ಅಜ್ಜಿಯ ತೊಡೆಯ ಮೇಲೆ ಇಟ್ಟಿದ್ದಳು, ಇಟ್ಟು ಕಿರುಚಿದಳು, ಈ ಮನೆಗೆ ಬಂದ ಮೇಲೆ ಅವಳ ದನಿ ಅಷ್ಟು ಜೋರಾಗಿ ಯಾರೂ ಕೇಳಿರಲಿಲ್ಲ, ಅಯ್ಯಯ್ಯೋ ಅಜ್ಜೀ, ನಿಮ್ಮ ಮೇಲೆ ಮಾಡ್ಬಿಟ್ನಲ್ಲಾ, ಹಾಸೆಲ್ಲ ನೆನೆಸ್ಬಿಟ್ಟ! ಮತ್ತೆ ಗದ್ದಲ, ಒಳ್ಳೇ ಶಕುನ ಕಣ್ರೇ, ಗಂಡುಮಗು ಮುತ್ತಜ್ಜಿ ಮಡಿಲು ತೋಯಿಸ್ತು, ನಳಿಗೆ ಬರೋ ತನಕ ಕಾಯಲಾರೆ ಅಂದ ನೋಡಿ, ಎಂಥಾ ಹರಿವು, ಈ ಹುಡುಗನಿಗೆ ಕುರಿಮಂದೆ ಹೆಚ್ಚುತ್ತೆ, ಮಳೆ ತರೋನು ಇವನು! ಜೂರಕಾನ್ ಮಗುವಿನ ಕೆಳಗೆ ಕೈಯಿಟ್ಟು ನೋಡಿದಳು. ಒಣಗಿದೆ. ಬಿಸಿಲಿಗೆ ಒಣಹಾಕಿದ ಮೊಸರುಂಡೆಯ ಹಾಗೆ ಒಣಗಿದೆ. ತಲೆಯೆತ್ತಿದಳು, ಜಿಪಾರ್ ಅವಳ ಎದುರಿಗೆ ಮಂಡಿಯೂರಿ, ತನ್ನ ಅಗಲ ಲಂಗವನ್ನು ಒದ್ದೆಗೆ ಅಡ್ಡ ಹರಡಿಕೊಂಡು, ಮುಖ ಕೆಂಪಾಗಿ, ಕಣ್ಣು ನೆಲಕ್ಕೆ ಹಾಕಿ ಕೂತಿದ್ದಾಳೆ, ತಿಕ್ಕಿ ತಿಕ್ಕಿ ಒಡೆದ ಬೆರಳು ಅವಳವು — ಓ, ಗಾಳಿಯಲ್ಲ, ಕೌದಿಯನ್ನು ಇನ್ನೊಮ್ಮೆ ತಿಕ್ಕಿ, ನಾಲ್ಕೂ ಮೂಲೆ ಎಳೆದು ಬಿಸಿಲಿಗೆ ತಿರುಗಿಸುತ್ತಿದ್ದದ್ದು ಗಾಳಿಯಲ್ಲ, ಚಳಿಗಾಲವೆಲ್ಲ ಒಬ್ಬಳಿಗೆ ಗೊತ್ತಿತ್ತು, ಗೊತ್ತಿದ್ದೂ ನೆಲ ನೋಡಿಕೊಂಡೇ ಓಡಾಡಿತು ಈ ಹುಡುಗಿ, ನಾನು ಅದನ್ನು ಬರೀ ನಾಚಿಕೆ ಎಂದುಕೊಂಡೆ. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು ಈಗ, ಎಲ್ಲರೂ ಖುಷಿಯಾಗಿದ್ದಾರೆ, ಶಕುನ ಒಳ್ಳೆಯದಾಗಿದೆ, ಮುಚ್ಚಿಕೊಂಡಿರು — ಮಗು ಅವಳನ್ನೇ ನೋಡುತ್ತಾ ಇತ್ತು. ಎರಡು ಕಣ್ಣು, ದೂರು ಇಲ್ಲ, ಪ್ರಶ್ನೆ ಮಾತ್ರ. ಹೊಸ್ತಿಲಾಚೆ ಹಿಮ ಬೀಳುತ್ತಾ ಇದೆ, ಸಾರಾಲಾ ಕೂತಿದೆ, ಮೂಗಿನ ಮೇಲೆ ಹಿಮ, ದೊಡ್ಡಿಯೊಳಗೆ ಕುರಿಮರಿ ಕೆಮ್ಮುತ್ತಾ ಇದೆ, ಈಗ ಇವನು, ಭೂಮಿಗೆ ಬಂದು ಇನ್ನೂ ನಲವತ್ತು ದಿನ, ಇವನನ್ನೂ ಆಚೆ ಕೂರಿಸಲೇ, ನಾಯಿಗಾದರೆ ಮೂಳೆ ಹಾಕಿ ಸಮಾಧಾನ ಮಾಡಿದೆ, ಇವನಿಗೆ ಏನು ಹಾಕಲಿ, ಉಮಾಯ್ ತಾಯಿಯ ಹೆಸರು ಹೇಳಬೇಕಾದ ಬಾಯಲ್ಲಿ ಇವನ ಬಗ್ಗೆ ಮೊದಲ ಮಾತೇ ಸುಳ್ಳೇ? ಕೈ ಶುದ್ಧವಾಗಿಲ್ಲ, ಸರಿ, ಬಾಯಾದರೂ — ಅವನಲ್ಲ, ಎಂದಳು. ಯಾರಿಗೂ ಕೇಳಿಸಲಿಲ್ಲ. ಅವನಲ್ಲ ಕಣ್ರೇ, ಮಗು ಒಣಗಿದೆ, ಮುಟ್ಟಿ ನೋಡಿ, ನಾನು. ನಾನು ಮಾಡ್ಕೊಂಡೆ. ಚಳಿಗಾಲದಿಂದ ಹೀಗೇ ಆಗಿದೆ ನನಗೆ.

ಎಲ್ಲ ನಿಂತಿತು, ಸಮೋವರಿನ ಗುಂಯ್ ಎನ್ನುವ ಸದ್ದು ಒಂದೇ, ಅನಾರ್ಕಾನ್ ಕೈಯಲ್ಲಿ ತಟ್ಟೆ ಹಿಡಿದು ಕಲ್ಲಾಗಿ ನಿಂತಿದ್ದಾಳೆ, ಜಿಪಾರ್ ಕಣ್ಣು ಮುಚ್ಚಿಕೊಂಡಿದ್ದಾಳೆ, ಹಳೆಯ ಕಾಲದ ಆ ನಿಶ್ಶಬ್ದವೇ ವಾಪಸು ಬಂದಿದೆ, ಮಾವನವರಿಲ್ಲ, ನಾಯಿಯೂ ಇಲ್ಲ. ಏನಂತೆ? ಎಂದಳು ಕಾಲಿಚಾ, ಕಿವಿಗೆ ಕೈ ಕೊಟ್ಟು, ಏನಂದ್ಲು ಜೂರಕಾನ್? ಏನ್ರೇ ಆಯ್ತು, ಯಾರಾದ್ರೂ ಹೋದ್ರಾ? ತುರ್ಸುನಾಯ್ ಅವಳ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು, ಏನೂ ಕೇಳಿಸಲಿಲ್ಲ, ಸ್ವಲ್ಪ ಜೋರಾಗಿ, ಊಹೂಂ, ಕೊನೆಗೆ ತುರ್ಸುನಾಯ್ ಎದೆಯ ತುಂಬ ಉಸಿರು ತುಂಬಿಕೊಂಡು, ಅಜ್ಜಿ ಉಚ್ಚೆ ಹೊಯ್ಕೊಂಡ್ರಂತೇ! ಎಂದು ಕೂಗಿದ ಕೂಗಿಗೆ ಅಂಗಳದಲ್ಲಿ ಕುದುರೆ ಕೆನೆಯಿತು, ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತಿರಬೇಕು. ಅಷ್ಟೇನಾ? ಎಂದಳು ಕಾಲಿಚಾ, ಥೂ, ನಾನು ಯಾರೋ ಸತ್ರು ಅಂದ್ಕೊಂಡೆ, ಇದೇನೇ ಹೊಸ್ದು, ನಂದು ಯಾವ ಕಾಲದಿಂದ್ಲೋ ಹಿಂಗೇನೇ. ನಮಾಜಿಗೆ ಏನ್ಮಾಡ್ತೀಯೇ? ಎಂದು ಜೂರಕಾನ್ ಕೇಳಿಯೇಬಿಟ್ಟಳು, ಕೂಗಿಯೇ ಕೇಳಿದಳು, ಚಳಿಗಾಲವೆಲ್ಲ ಗಂಟಲಲ್ಲಿ ಇದ್ದ ಮಾತು. ಏನ್ಮಾಡೋದು, ಮಸೀದಿ ಹತ್ರ ಹೋಗಿ ಮೌಲ್ವೀನೇ ಕೇಳ್ದೆ, ಆ ಹುಡುಗ ಪಾಪ ಮೆಲ್ಲಗೆ ಹೇಳ್ದ, ನನಗೆ ಕೇಳಿಸ್ಲಿಲ್ಲ, ಇನ್ನೂ ಸ್ವಲ್ಪ ಜೋರಾಗಿ ಹೇಳ್ದ, ಕೇಳಿಸ್ಲಿಲ್ಲ, ಆಮೇಲೆ ಕಿರುಚಿ ಹೇಳ್ದ, ಅಜ್ಜೀ, ಅದು ಕಾಯಿಲೆ, ಹೊತ್ತಿಗೊಂದು ಸಲ ತೊಳ್ಕೊಂಡು ನಿಂತ್ಕೊಂಡ್ಬಿಡಿ, ಮಧ್ಯೆ ಬಿದ್ದ ಹನೀನ ದೇವರು ಹಿಡಿಯೋದಿಲ್ಲ ಅಂತ! ಶುಕ್ರವಾರ ಕಣೇ, ಗಂಡಸರೆಲ್ಲ ಅಂಗಳದಲ್ಲಿ ನಿಂತಿದ್ರು, ಊರಿಗೆಲ್ಲ ಗೊತ್ತು, ನಿನ್ನೊಬ್ಬಳಿಗೇ ಗೊತ್ತಿಲ್ಲ ನೋಡು. ಹಿಡಿಯುವುದಿಲ್ಲವೇ, ಎಂದುಕೊಂಡಳು ಜೂರಕಾನ್, ಹಿಡಿಯುವುದಿಲ್ಲವಂತೆ, ಕಿಟಕಿಯ ಬಳಿ ಕೂತು ಕಳೆದ ಅಷ್ಟೂ ಬೆಳಗುಗಳಲ್ಲಿ ಅವನು ಬಾಗಿಲು ತೆರೆದುಕೊಂಡೇ ಇದ್ದನೇ — ಅಷ್ಟರಲ್ಲಿ ತುರ್ಸುನಾಯ್ ಹಾಸಿನ ಮೇಲೆ ದೊಪ್ಪನೆ ಕೂತಳು, ಒದ್ದೆಯ ಅಂಚಿನಲ್ಲೇ, ನನ್ನದು ಕೇಳಿ ಬೀಗಿತ್ತೀ, ಒಂದೊಂದು ಹುಡುಗಿ ಹುಟ್ಟುವಾಗ್ಲೂ ನನ್ನ ಒಂದೊಂದು ಮೊಳೆ ಸಡಿಲ ಮಾಡ್ಕೊಂಡೇ ಬಂದಿದ್ದು, ಇವಳೂ ಸೇರಿ, ಎಂದು ಜಿಪಾರಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಒಂದ್ಸಲ ಬಿಷ್ಕೆಕ್‌ನಿಂದ ಬರ್ತಾ ಮಿನಿಬಸ್ಸಲ್ಲಿ ಮುಂದಿನ ಸೀಟು, ತೊಡೆ ಮೇಲೆ ಇಷ್ಟು ದೊಡ್ಡ ಕಲ್ಲಂಗಡಿ, ಘಾಟಿಯಲ್ಲಿ ಒಂದು ಗುಂಡಿಗೆ ಇಳೀತು ನೋಡಿ ಗಾಡಿ, ಮುಗೀತು, ಎಲ್ಲಾ ಬಂತು, ಏನ್ಮಾಡ್ಲಿ, ಕಲ್ಲಂಗಡೀನ ಎತ್ತಿ ಕಾಲ ಹತ್ರ ಧಡ್ ಅಂತ ಹಾಕ್ದೆ, ಒಡೆದು ನೀರೋ ನೀರು, ಡ್ರೈವರು ಏನಮ್ಮಾ ಗಾಡಿ ಎಲ್ಲಾ ಹಾಳ್ಮಾಡಿದ್ರಿ ಅಂದ, ನಾನಂದೆ, ಏನ್ ಮಾಡೋದಪ್ಪಾ, ಹಣ್ಣು ಭಾಳ ಮಾಗಿತ್ತು. ಅಷ್ಟಕ್ಕೇ ಬಿಟ್ನಾ, ಪಾಪ ಒಳ್ಳೇ ಹುಡುಗ, ಒಂದು ಚೂರು ಎತ್ಕೊಂಡು ತಿಂದ! ಅಯ್ಯೋ ಥೂ, ಥೂ ಎಂದು ಹೆಂಗಸರು ಹೊಟ್ಟೆ ಹಿಡಿದುಕೊಂಡರು, ಆ ಗದ್ದಲದ ಮಧ್ಯೆ, ಜೀವಮಾನದಲ್ಲಿ ಒಂದು ಪೋಲಿ ಮಾತಾಡದ ಅನಾರ್ಕಾನ್, ತಟ್ಟೆ ಹಿಡಿದವಳು ಹಿಡಿದಂತೆಯೇ, ಗೋಡೆ ನೋಡುತ್ತಾ ಹೇಳಿದಳು, ಹಾಲಿನ ಸಂಘದ ಹಳೇ ಅಧ್ಯಕ್ಷರು ತೀರ್ಕೊಂಡಾಗ ಮೌನಾಚರಣೆ ಇತ್ತಲ್ಲ. ಎಲ್ಲರೂ ತಿರುಗಿದರು. ಮೌನವಾಗಿ ನಿಂತಿದ್ವಿ ಎಲ್ಲರೂ. ಆಗ ಬಂತು. ಏನು ಬಂತೇ? ಮೌನ ಮುರೀತು, ಎಂದಳು ಅನಾರ್ಕಾನ್, ನನ್ನಿಂದ್ಲೇ, ಅವರ ಹೆಂಡ್ತಿ ಪಕ್ಕದಲ್ಲೇ ನಿಂತಿದ್ರು, ತಿರುಗಿ ನೋಡಿ, ಅವರಿಗೂ ಹಿಂಗೇ ಆಗ್ತಿತ್ತಮ್ಮಾ ಅಂದ್ಬಿಟ್ಟು ಅತ್ರು — ಆಮೇಲೆ ಯಾರು ಯಾರದು ಹೇಳಿದರು ಎಂಬುದು ಗೊತ್ತಾಗಲಿಲ್ಲ, ಏಕಕಾಲಕ್ಕೆ ಎಲ್ಲರೂ, ಜೂರಕಾನ್ ನಗುತ್ತಾ ಇದ್ದಳು, ಮತ್ತೆ ಒಂದಿಷ್ಟು ಹೋಯಿತು, ಹೋಗಲಿ, ಹೇಗೂ ಒದ್ದೆಯಾದದ್ದೇ. ಹೊಸ ಹಾಸು ಹಾಳಾಯ್ತಲ್ಲ ಬೀಗಿತ್ತೀ, ಎಂದರೆ, ಉಣ್ಣೆ ಅಲ್ವಾ, ಕುರಿ ಮೈಮೇಲೆ ಇದ್ದಾಗ ಇದು ಏನೇನು ಕಂಡಿದ್ಯೋ, ತೊಳೆದ್ರಾಯ್ತು ಬಿಡಿ, ಎಂದಳು ತುರ್ಸುನಾಯ್.

ಜಿಪಾರ್ ತನ್ನ ಶಾಲು ಬಿಚ್ಚಿ ಅಜ್ಜಿಯ ಸೊಂಟಕ್ಕೆ ಸುತ್ತಿದಳು, ಕೈಹಿಡಿದು ಎಬ್ಬಿಸಿದಳು, ಒಳಕೋಣೆಯಲ್ಲಿ ಹೂಜಿಯಿಂದ ನೀರು ಹೊಯ್ದಳು, ಉಗುರುಬೆಚ್ಚಗಿನ ನೀರು, ಕೈಗೆ, ಮುಖಕ್ಕೆ, ಕಾಲಿಗೆ, ವುಜೂ ಮಾಡುವ ಕ್ರಮದಲ್ಲೇ, ಯಾರೂ ಹೇಳಿಕೊಡದೆ. ಯಾವಾಗಿನಿಂದ ಗೊತ್ತಿತ್ತೇ ನಿಂಗೆ? ಮರೀನ ದೊಡ್ಡೀಗೆ ಹಾಕಿದ್ರಲ್ಲ, ಅದರ ಮಾರನೇ ದಿನದಿಂದ. ಹೇಳ್ಬಾರ್ದಿತ್ತಾ? ಹೇಳಿದ್ರೆ ನೀವೇ ತೊಳೆಯೋದು ಬಿಟ್ಟು ಅಡಗಿಸಿಡೋಕೆ ಶುರು ಮಾಡ್ತಿದ್ರಿ, ಎಂದಳು ಹುಡುಗಿ, ತಲೆಯೆತ್ತಿ, ನೇರ ಕಣ್ಣಿಗೆ ಕಣ್ಣಿಟ್ಟು, ಆಮೇಲೆ ಕೇಳಿದಳು, ಅಜ್ಜೀ, ನಾನು ನಿಮ್ಮ ಮನಸ್ಸಿಗೆ ಬಂದಿಲ್ವಾ? ಜೂರಕಾನ್ ಪೆಟ್ಟಿಗೆಯ ಕೀಲಿ ಕೊಟ್ಟಳು, ತಳದಲ್ಲಿ ಇದೆ ನೋಡು, ಕೆಂಪು ಬಟ್ಟೆ. ಅರ್ಚಾ ಮರದ ನಳಿಗೆ, ದುಂಡಗೆ, ಗಂಡುಮಕ್ಕಳದ್ದು, ಚೊಚ್ಚಲು ಹೊಟ್ಟೆಯಲ್ಲಿದ್ದಾಗ ಅವಳ ಗಂಡ ಕೆತ್ತಿದ್ದು, ಕೆತ್ತಿ ತೂತು ಸರಿಯಾಗಿದೆಯೇ ಎಂದು ಸೀಟಿಯ ಹಾಗೆ ಊದಿ ನೋಡಿದ್ದರು, ಸಾರಾಲಾ ತನ್ನನ್ನೇ ಕರೆದರೆಂದು ಏದುಸಿರು ಬಿಡುತ್ತಾ ಓಡಿಬಂದಿತ್ತು, ದಪ್ಪ ಹೊಟ್ಟೆ ಅಲ್ಲಾಡಿಸುತ್ತಾ, ಎಷ್ಟು ನಕ್ಕಿದ್ದೆವು — ಇದು ಈ ಮನೇದು, ಇನ್ಮೇಲೆ ನಿನ್ನ ಹತ್ರ ಇರ್ಲಿ, ಎಂದಳು. ಹುಡುಗಿ ಅದನ್ನು ಎದೆಗೆ ಒತ್ತಿಕೊಂಡಿತು. ಹೊರಗೆ ಎಲ್ಲರೂ ದಾರಿ ಬಿಟ್ಟರು, ಒಣಗಿದ ಹಾಸು ಹಾಕಿದ್ದರು, ಬಾಗಿಲಿಗೆ ಹತ್ತಿರ, ಅನಾರ್ಕಾನಳ ಕೆಲಸ, ಅವಳು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಇಂದಿನಿಂದ ಗೌರವದ ಜಾಗ ಇದೇ ಅಂತಲೇ ಅರ್ಥ. ನಳಿಗೆಯ ಬಾಯಿಗೆ ಕುರಿಬಾಲದ ಕೊಬ್ಬು ಸವರಿ, ಮಗುವನ್ನು ಮಲಗಿಸಿ, ಅದನ್ನು ಕಾಲಸಂದಿಯಲ್ಲಿ ಕೂರಿಸಿ, ನಳಿಗೆಯ ತುದಿ ಹಾಸಿಗೆಯ ತೂತಿನೊಳಗೆ ಇಳಿದು ಕುಡಿಕೆಯ ಮೇಲೆ ಬರುವ ಹಾಗೆ, ನನ್ನ ಕೈಯಲ್ಲ, ಎಂದಳು ಜೂರಕಾನ್, ನನ್ನ ಕೈಯಲ್ಲ ಇದು, ಉಮಾಯ್ ತಾಯಿಯ ಕೈ, ಪಟ್ಟಿ ಕಟ್ಟುವಾಗ ಕೈ ನಡುಗಲೇ ಇಲ್ಲ, ಎಡಪಟ್ಟಿ, ಬಲಪಟ್ಟಿ, ಮಗು ಒಮ್ಮೆ ಮುಖ ಕೆಂಪು ಮಾಡಿ ಯೋಚಿಸಿತು, ಸುಮ್ಮನಾಯಿತು. ಈಗ ಮೊದಲ ಹನಿಗೆ ಕಾಯಬೇಕು, ನಳಿಗೆ ಸರಿಯಾಗಿ ಕೂತಿದೆ ಎಂಬುದಕ್ಕೆ ಅದೇ ಸಾಕ್ಷಿ. ಹೆಂಗಸರೆಲ್ಲ ನೆಲಕ್ಕೆ ಬಗ್ಗಿದರು, ಚಹಾ ಆರುತ್ತಾ ಇತ್ತು, ಕಾಲಿಚಾ, ಬಂತಾ, ಬಂತಾ, ಎನ್ನುತ್ತಾ ಇದ್ದಳು, ಶ್, ಎಂದರು. ಬಾಗಿಲು ತೆರೆದಿತ್ತು, ತೆರೆದ ಬಾಗಿಲಿನಿಂದ ಹಳದಿ ನಾಯಿಯೊಂದು ಒಳಗೆ ಬಂತು, ಮೈಮೇಲಿನ ಹಿಮ ಕೊಡವಿತು, ಯಾರೂ ಅದನ್ನು ಆಚೆ ಅಟ್ಟಲಿಲ್ಲ, ಒಲೆಯ ಪಕ್ಕದ ತನ್ನ ಜಾಗದಲ್ಲಿ ಸುತ್ತು ಹಾಕಿ ಮಲಗಿತು, ಜೂರಕಾನ್ ಒಬ್ಬಳೇ ನೋಡಿದಳು, ಮಲಗು, ಎಂದಳು ಒಳಗೇ, ಮಲಗಪ್ಪಾ, ಆಯ್ತು ಇನ್ನು. ತೊಟ್ಟಿಲ ಕೆಳಗೆ, ಮರದ ನಳಿಗೆಯ ತುದಿಯಲ್ಲಿ, ಏನೋ ಮಿನುಗಿತು, ತುಂಬಿಕೊಳ್ಳುತ್ತಾ ಇದೆ, ಬಾಗಿಲಿನ ಬೆಳಕನ್ನೆಲ್ಲ ಹೊಟ್ಟೆಯೊಳಗೆ ಎಳೆದುಕೊಂಡು ದಪ್ಪಗಾಗುತ್ತಾ ಇದೆ, ತಡೆದುಕೋಬೇಡ ಮಗೂ, ಬಿಡು, ಈಗ ಬಿತ್ತು, ಇಲ್ಲ, ಇನ್ನೂ ಇಲ್ಲ, ತುದಿಯಲ್ಲಿ, ದುಂಡಗೆ, ಹನಿ —